ಮಕ್ಕಳಿಗೆ ನಿಜವನ್ನು ಹೇಳಬೇಕೋ?

ಮನೆಗೆ ಸಂಕಟ ಬಂದಾಗ ಅದನ್ನು ಮಕ್ಕಳಿಗೆ ಮರೆಮಾಡುವದು ದಯೆಯೋ ಅನ್ಯಾಯವೋ ಎಂಬದನ್ನು ಈ ಸಾರಿ ವಿಚಾರಿಸೋಣ. “ಕೂಸಿಗೆ ಏನು ಚಿಂತೆ? ಉಂಡು ಆಡಿಕೊಂಡಿದ್ದರೆ ಸಾಕು” ಎಂದು ನಮ್ಮಲ್ಲಿ ಅನೇಕರು ಹೇಳುವದುಂಟು. ಈ ಮಾತು ಸರಿಯೋ?

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ನಮ್ಮ ಶಾಲೆಗಳು ಮುಚ್ಚಲ್ಪಟ್ಟವು. ಆಗಸ್ಟಿನಲ್ಲಿ ವಿದ್ಯಾಗಮವೆಂಬ ಏರ್ಪಾಡಿನ ಮೇರೆಗೆ ಉಪಾಧ್ಯಾಯರು ಹಳ್ಳಿಗಳಿಗೆ ಬಂದು ಮರದ ನೆರಳಿನಲ್ಲಿಯೂ ಜಗಲಿಗಳಲ್ಲಿಯೂ ಕಲಿಸಿದರು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಒಂದರಿಂದ ಐದನೆಯ ತರಗತಿಯವರಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದೇ.

ಆ ದಿನಗಳಲ್ಲಿ ನಾವು ಬಲ್ಲ ಒಂದು ಮನೆಯ ಅಜ್ಜಿಯು ಆಸ್ಪತ್ರೆಯಲ್ಲಿ ತೀರಿಕೊಂಡಳು. ಎಂಟು ವರುಷದ ಮೊಮ್ಮಗಳಿಗೆ “ಅಜ್ಜಿ ಪರವೂರಿಗೆ ಹೋಗಿದ್ದಾಳೆ” ಎಂದರು. ಹುಡುಗಿಯು ಸಾಯಂಕಾಲವೆಲ್ಲಾ ಹೊಸ್ತಿಲ ಬಳಿ ಕೂತಿರುವಳು. ಹೊಟ್ಟೆನೋವೆಂದು ಊಟ ಬಿಡುವಳು. ರಾತ್ರಿಯಲ್ಲಿ ಹಾಸಿಗೆಯನ್ನು ಒದ್ದೆಮಾಡುವಳು. ಇದು ಹಟವೆಂದು ತಂದೆಯು ಹೊಡೆದನು. ಕಡೆಗೆ ತಾಯಿಯು ಅವಳನ್ನು ಮಡಿಲಲ್ಲಿ ಕೂಡ್ರಿಸಿಕೊಂಡು ನಡೆದದ್ದನ್ನು ತಿಳಿಸಿದಳು. ಹುಡುಗಿಯು ಬಹಳವಾಗಿ ಅತ್ತು, “ಅಮ್ಮಾ, ನಾನು ಮಗ್ಗುಲಲ್ಲಿ ಮಲಗಿದ್ದರಿಂದ ಅಜ್ಜಿಗೆ ರೋಗ ಬಂತೋ?” ಎಂದು ಕೇಳಿದಳು. ನೋಡಿರಿ, ಹಿರಿಯರ ಪಿಸುಮಾತುಗಳಿಂದ ಅವಳು ಮೊದಲೇ ಅರ್ಧ ತಿಳಿದಿದ್ದಳು. ಬಾಯಿಬಿಟ್ಟು ಕೇಳುವದಕ್ಕೆ ಎಡೆಯಿಲ್ಲದ್ದರಿಂದ ಮಿಕ್ಕದ್ದನ್ನು ತಾನೇ ಊಹಿಸಿ ಅಪರಾಧವನ್ನು ತನ್ನ ಮೇಲೆ ಹೊತ್ತುಕೊಂಡಿದ್ದಳು.

ಎರಡನೆಯ ಮಹಾಯುದ್ಧದಲ್ಲಿ ಲಂಡನಿನಲ್ಲಿ ಶಿಶುಪಾಲನೆಯ ಮನೆಗಳನ್ನು ನಡಿಸಿದ ಆನ್ನಾ ಫ್ರಾಯ್ಡ್ ಎಂಬಾಕೆಯು ಕಂಡದ್ದೇನಂದರೆ, ಬಾಂಬುಗಳಿಗಿಂತಲೂ ತಾಯಿಯ ಅಗಲಿಕೆಯೇ ಚಿಕ್ಕ ಮಕ್ಕಳನ್ನು ಹೆಚ್ಚಾಗಿ ಕುಗ್ಗಿಸಿತು. ಹಾಗಾದರೆ ಒಂದೇ ಸೂರಿನ ಕೆಳಗಿದ್ದರೂ ನಮ್ಮ ಮೌನದಿಂದ ಮಗುವನ್ನು ಅಗಲಿಸುವದು ಚಿಕ್ಕ ತಪ್ಪೋ?

“ಎಳೆಯ ಹೆಗಲಿಗೆ ನಮ್ಮ ಭಾರವೇಕೆ?” ಎಂದು ಕೆಲವರು ಕೇಳಬಹುದು. ಭಾರ ಬೇರೆ, ತಿಳಿವಳಿಕೆ ಬೇರೆ. ಸಾಲದ ಲೆಕ್ಕವನ್ನು ಮಗುವಿನ ಮುಂದೆ ಬಿಚ್ಚಬೇಕಾದದ್ದಿಲ್ಲ. “ಈಗ ಕೂಲಿ ಕಡಿಮೆ, ಅದು ನಿನ್ನ ತಪ್ಪಲ್ಲ, ನಾವು ನಿನ್ನ ಸಂಗಡ ಇದ್ದೇವೆ” ಎನ್ನುವಷ್ಟು ಸಾಕು. ನಾವು ಮರೆಮಾಡುವದು ಅನೇಕಾವರ್ತಿ ಕೂಸಿನ ಮೇಲಣ ಕನಿಕರದಿಂದಲ್ಲ, ಅದರ ಅಳುವನ್ನು ನಾವು ತಾಳಲಾರದ ಕಾರಣದಿಂದಲೇ.

ಆದಕಾರಣ ಕಷ್ಟಕಾಲದಲ್ಲಿ ಊಟಕ್ಕೂ ನಿದ್ರೆಗೂ ಆಟಕ್ಕೂ ಹೊತ್ತು ತಪ್ಪಿಸಬೇಡಿರಿ. ನೆರವೇರಿಸಲಾರದ ಮಾತನ್ನು ಕೊಡಬೇಡಿರಿ. ಹಾಸಿಗೆ ಒದ್ದೆಯಾದರೆ ಹೊಡೆಯಬೇಡಿರಿ. ಕೆಲವು ವಾರಗಳಾದರೂ ಕಳವಳ ತಗ್ಗದಿದ್ದರೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ; 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಯನ್ನು 14416ಕ್ಕೆ ದೂರವಾಣಿ ಮಾಡಿ ಕೇಳಬಹುದು. ಮನಸ್ಸಿನ ಬೇನೆಗೆ ಮದ್ದು ಕೇಳುವದು ನಾಚಿಕೆಯಲ್ಲ.

ಆ ತಾಯಿಯು ಮಗಳಿಗೆ ಕೊಟ್ಟ ಉತ್ತರವು ಚಿಕ್ಕದು: “ಇಲ್ಲ ಮಗಳೇ, ನಿನ್ನಿಂದಲ್ಲ.” ಆ ರಾತ್ರಿ ಹುಡುಗಿಯು ಬಹುದಿನಗಳ ಮೇಲೆ ಹೊಟ್ಟೆತುಂಬ ಉಂಡಳು. ನಮ್ಮ ಮನೆಗಳಲ್ಲಿಯೂ ಯಾವ ಮಗು ಈ ಮಾತಿಗಾಗಿ ಕಾದಿದೆಯೋ, ನೋಡಿಕೊಳ್ಳೋಣ.