ವಿದ್ಯಾರ್ಥಿಸಂಘಗಳೂ ಗುರುಜನರ ಆಶ್ರಯವೂ

ಪಾಠದ ಹೊತ್ತು ಮುಗಿದ ಮೇಲೆ ಅದೇ ಕೊಠಡಿಯಲ್ಲಿ ಹತ್ತಾರು ತರುಣರು ಮತ್ತೆ ಕಲೆತು, ಪರೀಕ್ಷೆಗೆ ಬೇಡದ ವಿಷಯವೊಂದನ್ನು ಕುರಿತು ವಾದಿಸತೊಡಗಿದರೆ, ಅಲ್ಲಿ ವಿದ್ಯೆಯು ಬೇರೂರಿತೆಂದೇ ತಿಳಿಯಬೇಕು. ಕಿವಿಯಿಂದ ಕೇಳಿದ್ದು ಬುದ್ಧಿಗೆ ಸಲ್ಲುವುದು ಇಂತಹ ಗೋಷ್ಠಿಗಳಲ್ಲಿಯೇ. ಆದರೆ ಗೋಷ್ಠಿಗೆ ಸ್ಥಳ ಬೇಕು, ದೀಪ ಬೇಕು, ಪುಸ್ತಕ ಬೇಕು, ಅಲ್ಪಸ್ವಲ್ಪ ಹಣವೂ ಬೇಕು. ಇವೆಲ್ಲವೂ ಇರುವುದು ವಿದ್ಯಾಸಂಸ್ಥೆಯ ಕೈಯಲ್ಲಿ. ಕೊಟ್ಟ ಕೈಯು ಹಿಡಿತವನ್ನೂ ಬಯಸುವುದು ಲೋಕಸ್ವಭಾವ. ಹಾಗಾದರೆ ಆಶ್ರಯವಿತ್ತವರಿಗೆ ಆಶ್ರಿತರ ವಿಚಾರದ ಮೇಲೆ ಎಷ್ಟು ಅಧಿಕಾರವುಂಟು?

ಈ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಲ್ಲ. ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಬೋಧಕನಾಗಿದ್ದ ತರುಣ ಕವಿ ಡಿರೋಜಿಯೋವಿನ ಸುತ್ತ 1828ರಲ್ಲಿ ಒಂದು ಚರ್ಚಾಸಂಘವು ಹುಟ್ಟಿತು. ಧರ್ಮ, ಆಚಾರ, ವಿಧಿ, ಪೌರುಷ, ಎಲ್ಲವೂ ಅಲ್ಲಿ ಪರೀಕ್ಷೆಗೆ ಒಳಗಾದುವು. ಊರಿನ ಹಿರಿಯರು ಕಳವಳಗೊಂಡರು. ಆಡಳಿತದವರು 1831ರಲ್ಲಿ ಅವನನ್ನು ಹುದ್ದೆಯಿಂದ ಬಿಡಿಸಿದರು. ಅದೇ ವರ್ಷದ ಕೊನೆಗೆ, 22ನೆಯ ವಯಸ್ಸಿನಲ್ಲಿ, ಆತನು ಕಾಲವಾದನು. ಅವನ ಶಿಷ್ಯರು ಮಾತ್ರ ಸುಮ್ಮನಾಗಲಿಲ್ಲ. 1838ರಲ್ಲಿ ಜ್ಞಾನಾರ್ಜನೆಗೆಂದು ಮತ್ತೊಂದು ಸಭೆಯನ್ನು ಕಟ್ಟಿದರು.

1843ರಲ್ಲಿ, ಕಾಲೇಜಿನ ಸಭಾಂಗಣದಲ್ಲಿಯೇ, ದಕ್ಷಿಣಾರಂಜನ ಮುಖೋಪಾಧ್ಯಾಯರು ಕಂಪನಿ ಸರ್ಕಾರದ ನ್ಯಾಯಸ್ಥಾನ ಮತ್ತು ಪೋಲೀಸಿನ ಸ್ಥಿತಿಯನ್ನು ಕುರಿತು ಪ್ರಬಂಧವನ್ನೋದಿದರು. ಪ್ರಿನ್ಸಿಪಾಲ್ ರಿಚರ್ಡ್‌ಸನ್ನರು ನಡುವೆಯೇ ಎದ್ದು, ಈ ಸ್ಥಳವು ರಾಜದ್ರೋಹದ ಗುಹೆಯಾಗಲು ತಾವು ಬಿಡುವುದಿಲ್ಲವೆಂದರು. ಅಧ್ಯಕ್ಷರಾಗಿದ್ದ ತಾರಾಚಂದ ಚಕ್ರವರ್ತಿಯವರು ಆ ಆಕ್ಷೇಪಣೆಯನ್ನು ಒಪ್ಪದೆ, ಸಭೆಯ ಗೌರವವನ್ನು ಎತ್ತಿಹಿಡಿದರು. ರಿಚರ್ಡ್‌ಸನ್ನರು ವಿದ್ಯಾದ್ವೇಷಿಗಳೇನೂ ಅಲ್ಲ. ಸ್ವತಃ ಕವಿಗಳು, ಶೇಕ್ಸ್‌ಪಿಯರನನ್ನು ಮನಮುಟ್ಟುವಂತೆ ಪಾಠ ಹೇಳಿದವರು. ವಿಚಾರಿಸಲು ಕಲಿಸಿದವರಿಗೇ ವಿಚಾರದ ಫಲವನ್ನು ಸಹಿಸುವುದು ಕಷ್ಟವಾಯಿತು. ಸಭೆಯು ಆ ಅಂಗಣವನ್ನು ತೊರೆದು ಬೇರೆಡೆ ಸೇರಿತು.

ಇನ್ನೊಂದು ಬಗೆಯ ನಿದರ್ಶನವು ಮುಂಬಯಿಯದು. ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ 1848ರಲ್ಲಿ ಗುರುಗಳೂ ವಿದ್ಯಾರ್ಥಿಗಳೂ ಕೂಡಿ ಸಾಹಿತ್ಯ ಮತ್ತು ವಿಜ್ಞಾನಗಳ ಸಂಘವನ್ನು ಸ್ಥಾಪಿಸಿದರು. ಅಲ್ಲಿ ಸ್ತ್ರೀವಿದ್ಯೆಯ ವಿಷಯವಾಗಿ ಪ್ರಬಂಧವು ಓದಲ್ಪಟ್ಟಾಗ, ಪ್ರೊಫೆಸರ್ ಪ್ಯಾಟನ್ನರು ಬರಿಯ ಮಾತಿನಿಂದ ತೃಪ್ತರಾಗದೆ, ಕಾರ್ಯಕ್ಕೆ ತೊಡಗುವಂತೆ ಹುರಿದುಂಬಿಸಿದರು. ದಾದಾಭಾಯಿ ನವರೋಜಿ ಮೊದಲಾದವರು ಮನೆಮನೆಗೂ ಹೋಗಿ ತಾಯಿತಂದೆಗಳ ಮನವೊಲಿಸಿದರು. 1849ರಲ್ಲಿ ಹೆಣ್ಣುಮಕ್ಕಳ ಶಾಲೆಗಳು ತೆರೆದುವು, ಸಂಘದ ಸದಸ್ಯರೇ ಸಂಬಳವಿಲ್ಲದೆ ಕಲಿಸಿದರು. ನಮ್ಮಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ ಬೆಳೆದು, 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರತಂದಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಆ ಪತ್ರಿಕೆಯ ಭಾರವನ್ನು ವಹಿಸಿಕೊಂಡಿತು. ಸಂಘದಲ್ಲಿ ಮೊಳೆತದ್ದನ್ನು ಸಂಸ್ಥೆಯು ಕಾಪಾಡಿತು.

ಆಡಳಿತದವರಿಗೂ ಹೇಳಿಕೊಳ್ಳಲು ನ್ಯಾಯವುಂಟು. ಹಣವು ಸಾರ್ವಜನಿಕರದು; ವಿದ್ಯಾರ್ಥಿಗಳಾದರೋ ಮೂರು ವರ್ಷಗಳ ಅತಿಥಿಗಳು. ಒಂದು ತಂಡವು ಹೊತ್ತಿಸಿದ ದೀಪವನ್ನು ಮುಂದಿನ ತಂಡವು ಮರೆಯಬಹುದು. ಆದುದರಿಂದ ಲೆಕ್ಕವನ್ನು ಕೇಳುವುದೂ, ಕಡತಗಳನ್ನು ಕಾಯ್ದಿಡುವುದೂ, ನಿಂತುಹೋದ ಸಂಘವನ್ನು ಎತ್ತಿ ನಿಲ್ಲಿಸುವುದೂ ಗುರುಜನರ ಧರ್ಮವೇ ಸರಿ. ಆದರೆ ಹಣದ ಲೆಕ್ಕ ಬೇರೆ, ವಿಚಾರದ ಲೆಕ್ಕ ಬೇರೆ. ಮೊದಲನೆಯದನ್ನು ವರ್ಷಕ್ಕೊಮ್ಮೆ ಒಪ್ಪಿಸಬೇಕು. ಎರಡನೆಯದಕ್ಕೆ ಎದುರು ವಾದವೇ ತಪಾಸಣೆ. ತಪ್ಪು ಹೇಳಿದ ತರುಣನನ್ನು ತಿದ್ದುವ ಹಕ್ಕು ಗುರುವಿಗುಂಟು. ಅದನ್ನು ಸಭೆಯಲ್ಲಿ ಒಬ್ಬ ಸದಸ್ಯನಂತೆ ಎದ್ದುನಿಂತು ಚಲಾಯಿಸಬೇಕೇ ಹೊರತು, ಬೀಗದ ಕೈಯನ್ನು ತೋರಿಸಿಯಲ್ಲ.

ಅಕ್ಕರೆಯೂ ಕೆಲವೊಮ್ಮೆ ಕೇಡಾಗುವುದು. ವಿಷಯವನ್ನು ತಾವೇ ಆರಿಸಿ, ಭಾಷಣಕಾರರನ್ನು ತಾವೇ ಕರೆಸಿ, ವಂದನಾರ್ಪಣೆಯನ್ನು ಮಾತ್ರ ಹುಡುಗರಿಗೆ ಬಿಟ್ಟರೆ, ಅದು ಹೊತ್ತು ಮೀರಿದ ಇನ್ನೊಂದು ತರಗತಿಯಾದೀತು. ಚಪ್ಪರ ಹಾಕಿದವನು ಬಳ್ಳಿಯನ್ನು ದಿನವೂ ಎಳೆದೆಳೆದು ಹಬ್ಬಿಸನು, ನೀರೆರೆದು ಕಾಯುವನು. ಕಾಯುವುದಕ್ಕೆ ಬೇಕಾದ ತಾಳ್ಮೆಯೇ ವಿದ್ಯಾಸಂಸ್ಥೆಯು ತನ್ನ ಮಕ್ಕಳಿಗೆ ಕೊಡಬಹುದಾದ ಮಿಗಿಲಾದ ದತ್ತಿ.