ಶಿಶುವಿನ ಕಾಲಗಣನೆ

ಇಬ್ಬರು ತಾಯಂದಿರು ಕಲೆತರೆ ಸಾಕು. ಒಬ್ಬಳ ಕೂಸು ಹತ್ತು ತಿಂಗಳಿಗೇ ಹೆಜ್ಜೆಯಿಟ್ಟಿತೆಂಬ ಹಿಗ್ಗು, ಇನ್ನೊಬ್ಬಳದು ವರುಷ ತುಂಬಿದರೂ ಅಂಬೆಗಾಲಿನಲ್ಲಿಯೇ ಇರುವುದೆಂಬ ಕೊರಗು. ಹೀಗೆ ಮಗುವನ್ನು ಮಗುವಿನೊಡನೆ ತೂಗುವುದು ಯುಕ್ತವೆ?

ಮನುಸ್ಮೃತಿಯು ನಾಲ್ಕನೆಯ ತಿಂಗಳಲ್ಲಿ ನಿಷ್ಕ್ರಮಣವನ್ನೂ ಆರನೆಯದರಲ್ಲಿ ಅನ್ನಪ್ರಾಶನವನ್ನೂ ವಿಧಿಸಿ, ಕುಲಾಚಾರದಂತೆಯೂ ನಡೆಯಬಹುದೆಂದು ಸಡಿಲ ಕೊಟ್ಟಿದೆ. ಭಾರತವೂ ಸೇರಿ ಐದು ದೇಶಗಳ ಶಿಶುಗಳನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಗಣನೆಯಲ್ಲಿ ಈ ಸಡಿಲವು ಇನ್ನೂ ವಿಸ್ತಾರವಾದುದು. ಆಸರೆಯಿಲ್ಲದೆ ನಡೆಯುವ ಕಾಲಕ್ಕೆ ಅಲ್ಲಿ ಸುಮಾರು 8ರಿಂದ 18 ತಿಂಗಳುಗಳ ಮೇರೆಯಿದೆ. ಅಂಬೆಗಾಲಿಡದೆಯೇ ಎದ್ದು ನಡೆದ ಮಕ್ಕಳೂ ಉಂಟು. ಆ ಹಿಗ್ಗೂ ಈ ಕೊರಗೂ ಒಂದೇ ಮೇರೆಯೊಳಗಿನವು.

ಆದರೆ ಇದನ್ನೇ ನೆಪಮಾಡಿ ಸುಮ್ಮನಿರುವುದು ಅದಕ್ಕಿಂತಲೂ ಕೆಟ್ಟುದು. “ನಮ್ಮ ವಂಶದಲ್ಲಿ ಎಲ್ಲರಿಗೂ ಮಾತು ತಡವೇ” ಎಂದು ಹಿರಿಯರು ಸಮಾಧಾನ ಹೇಳುತ್ತಿರುವಾಗ, ಕೂಸಿಗೆ ಕಿವಿಯೇ ಕೇಳಿಸದಿರಬಹುದು. ಕಿವುಡು ಶಿಶುವೂ ಮೊದಮೊದಲು ಕೇಕೆ ಹಾಕಿ ಉಲಿಯುತ್ತದೆ. ಮನೆಯವರು ಮೋಸಹೋಗುವುದು ಅದರಿಂದಲೇ. ಬೆನ್ನ ಹಿಂದೆ ತಟ್ಟೆ ಬಿದ್ದರೂ ತಿರುಗದ ಮಗುವನ್ನು, ಅದರಲ್ಲಿಯೂ ಹೆಣ್ಣಾದರೆ, ವೈದ್ಯರಿಗೆ ತೋರಿಸಲು ಅಂಜುವವರುಂಟು. ತೊಟ್ಟಿಲಿನಲ್ಲಿರುವವಳ ಮದುವೆಯ ಚಿಂತೆ ಅವರಿಗೆ! ಅವಸರಪಡುವ ತಾಯಿಯೂ ಮುಚ್ಚಿಡುವ ಅಜ್ಜನೂ ನೋಡುತ್ತಿರುವುದು ಮನೆತನದ ಮರ್ಯಾದೆಯನ್ನು, ಕೂಸನ್ನಲ್ಲ.

ಹುಟ್ಟಿದ ಕೆಲವೇ ದಿನಗಳಲ್ಲಿ ಶ್ರವಣವನ್ನು ಪರೀಕ್ಷಿಸುವ ಸಾಧನಗಳು ಈಗ ಇವೆ; ಮೈಸೂರಿನಲ್ಲಿ ಅದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಗೆ ಮೂರನೆಯ ವರುಷದಲ್ಲಿ ಬಂದ ಮಗುವಿಗೂ ಯಂತ್ರವನ್ನು ತೊಡಿಸಬಹುದು. ಆದರೆ ಭಾಷೆಯು ತಾನಾಗಿ ಕಿವಿಗಿಳಿಯಬೇಕಾಗಿದ್ದ ಎರಡು ವರುಷಗಳು ಅಷ್ಟರಲ್ಲಿ ಕಳೆದುಹೋಗಿರುತ್ತವೆ.