ವರ ಕೇಳುವ ಜಾಣತನ

ಬೇಲೂರಿನ ಚೆನ್ನಕೇಶವ ಗುಡಿಯ ನವರಂಗದಲ್ಲಿ ನರಸಿಂಹ ಕಂಬವಿದೆ. ಮೈತುಂಬ ಪುಟ್ಟ ಪುಟ್ಟ ಶಿಲ್ಪಗಳನ್ನು ಹೊತ್ತ ಈ ಕಂಬ ಒಂದು ಕಾಲಕ್ಕೆ ತಿರುಗುತ್ತಿತ್ತು ಎಂದು ಊರಿನವರು ಹೇಳುತ್ತಾರೆ. ಅದೇ ನವರಂಗದ ಮತ್ತೊಂದು ಕಂಬದಲ್ಲಿ ಮೋಹಿನಿ ನಿಂತಿದ್ದಾಳೆ. ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಗೆ ಹೋದರೆ ರಾವಣ ಕೈಲಾಸವನ್ನೇ ಎತ್ತುತ್ತಿದ್ದಾನೆ. ನರಸಿಂಹನ ಹಿಂದೆ ಹಿರಣ್ಯಕಶಿಪು, ಮೋಹಿನಿಯ ಹಿಂದೆ ಭಸ್ಮಾಸುರ, ಕೈಲಾಸದ ಕೆಳಗೆ ರಾವಣ. ಮೂವರೂ ತಪಸ್ಸು ಮಾಡಿ ಶಕ್ತಿ ಗಳಿಸಿದವರು. ಬಿಟ್ಟಿಯಾಗಿ ಯಾರಿಗೂ ಏನೂ ಸಿಕ್ಕಿರಲಿಲ್ಲ.

ಅರೇಹಳ್ಳಿಯ ಕಾಫಿ ತೋಟದ ಮನೆಯಲ್ಲಾಗಲಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಾಗಲಿ, ಕಂಪ್ಯೂಟರಿನ ಮುಂದೆ ಕೂತು ಆಟದೊಳಗೆ ತನ್ನ ಮಾಂತ್ರಿಕನನ್ನು ಕಟ್ಟುವ ಹುಡುಗ ಅಥವಾ ಹುಡುಗಿ ಮಾಡುವುದೂ ಇದೇ ಕೆಲಸ. ಯಾವ ಕುಲದಲ್ಲಿ ಹುಟ್ಟಬೇಕು, ಯಾವ ಮಂತ್ರ ಮೊದಲು ಕಲಿಯಬೇಕು, ಎಲ್ಲಿ ಕಳೆದುಕೊಂಡು ಎಲ್ಲಿ ಗಳಿಸಬೇಕು ಎಂಬ ಲೆಕ್ಕ. ಆಟಗಾರರು ಇದನ್ನು ‘ಬಿಲ್ಡ್’ ಎನ್ನುತ್ತಾರೆ. ಮಕ್ಕಳಾಟವೆಂದು ತಳ್ಳಿಹಾಕುವಂಥದ್ದಲ್ಲ ಇದು. ಶಕ್ತಿ ಎಂದರೇನು, ಅದು ಎಲ್ಲಿಂದ ಬರುತ್ತದೆ, ಅದನ್ನು ಪಡೆದವನು ದೊಡ್ಡವನಾಗುತ್ತಾನೆಯೇ ಎಂಬ ಹಳೆಯ ಧರ್ಮಪ್ರಶ್ನೆ ಇದರೊಳಗೇ ಕೂತಿದೆ.

ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳ ತಾಯಿಬೇರು. ಅದರ ಮಾಂತ್ರಿಕ ಅಮೆರಿಕದ ಲೇಖಕ ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದಿ ಡೈಯಿಂಗ್ ಅರ್ಥ್’ ಕಥೆಗಳಿಂದ ಬಂದವನು. ಅವನ ತಲೆಯಲ್ಲಿ ಕೆಲವೇ ಮಂತ್ರಗಳು ಹಿಡಿಯುತ್ತವೆ. ಒಮ್ಮೆ ಪ್ರಯೋಗಿಸಿದ ಮಂತ್ರ ನೆನಪಿನಿಂದ ಅಳಿಸಿಹೋಗುತ್ತದೆ. ಆ ಮಾಂತ್ರಿಕನಿಗೆ ಮಿತಿಯೇ ಮೊದಲ ನಿಯಮ.

2011ರ ನವೆಂಬರಿನಲ್ಲಿ ಬಂದ ‘ಸ್ಕೈರಿಮ್’ ಎಂಬ ಕಂಪ್ಯೂಟರ್ ಆಟ ಈ ಮಿತಿಯನ್ನು ಅಂಕಿಗಳಲ್ಲಿ ಕೊಟ್ಟಿತು. ಮಂತ್ರಬಲಕ್ಕೆ ಅಲ್ಲಿ ಮ್ಯಾಜಿಕಾ ಎಂದು ಹೆಸರು. ಪ್ರತಿ ಹಂತ ಏರಿದಾಗ ಮ್ಯಾಜಿಕಾ, ಆರೋಗ್ಯ, ದೇಹಬಲ ಈ ಮೂರರಲ್ಲಿ ಒಂದಕ್ಕೆ ಮಾತ್ರ 10 ಅಂಕ. ಹೈ ಎಲ್ಫ್ ಕುಲದಲ್ಲಿ ಹುಟ್ಟಿದವನಿಗೆ ಆರಂಭದಲ್ಲೇ 50 ಮ್ಯಾಜಿಕಾ ಹೆಚ್ಚು. ಉಳಿದದ್ದು ಮದ್ದಿನಿಂದ, ಮಂತ್ರದ ಪುಸ್ತಕಗಳಿಂದ, ಮತ್ತೆ ಮತ್ತೆ ಮಾಡುವ ಅಭ್ಯಾಸದಿಂದ ಬರಬೇಕು.

ಪತಂಜಲಿಯ ಯೋಗಸೂತ್ರದ ನಾಲ್ಕನೆಯ ಪಾದ ಶುರುವಾಗುವುದೇ ಇಂಥದೊಂದು ಪಟ್ಟಿಯಿಂದ. ಸಿದ್ಧಿಗಳು ಜನ್ಮದಿಂದ, ಔಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ ಬರುತ್ತವೆ ಎಂದು ಅಲ್ಲಿ ಐದು ದಾರಿಗಳನ್ನು ಹೇಳಿದೆ. ಮೊದಲ ನಾಲ್ಕನ್ನೂ ಆಟ ಬಲ್ಲದು. ಐದನೆಯದು ಅದರ ಕೈಗೆ ಸಿಕ್ಕಿಲ್ಲ. ಅದಕ್ಕೂ ಹಿಂದೆ, ಮೂರನೆಯ ಪಾದದಲ್ಲಿ, ಹೊರಮುಖವಾದ ಮನಸ್ಸಿಗೆ ಸಿದ್ಧಿಯಂತೆ ಕಾಣುವುದು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಇದೆ. ಪತಂಜಲಿ ಸಿದ್ಧಿಗಳನ್ನು ಸುಳ್ಳೆನ್ನಲಿಲ್ಲ. ಅಲ್ಲೇ ನಿಂತುಬಿಡಬೇಡ ಎಂದ.

ನಿಂತುಬಿಟ್ಟವರು ಏನಾದರು? ಹಿರಣ್ಯಕಶಿಪು ಕೇಳಿದ ವರ ಜಾಣತನದ ಕಟ್ಟಡ. ಮನುಷ್ಯನಿಂದಲ್ಲ ಪ್ರಾಣಿಯಿಂದಲ್ಲ, ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ನೆಲದ ಮೇಲಲ್ಲ ಆಕಾಶದಲ್ಲಲ್ಲ. ನುರಿತ ಆಟಗಾರನೂ ಇಷ್ಟು ಬಿಗಿಯಾಗಿ ಲೆಕ್ಕ ಹಾಕಲಾರ. ಆದರೆ ಮುಸ್ಸಂಜೆ, ಹೊಸ್ತಿಲು, ತೊಡೆ, ನರಸಿಂಹ ಅವನ ಲೆಕ್ಕದಿಂದ ತಪ್ಪಿಸಿಕೊಂಡವು. ರಾವಣ ದೇವ, ದಾನವ, ಯಕ್ಷ, ನಾಗರೆಲ್ಲರಿಂದ ರಕ್ಷಣೆ ಕೇಳಿ ಮನುಷ್ಯನನ್ನು ಬಿಟ್ಟ. ಮರೆವಿನಿಂದ ಬಿಟ್ಟದ್ದಲ್ಲ, ತಾತ್ಸಾರದಿಂದ. ಅವನ ವರದಲ್ಲಿದ್ದ ಬಿರುಕು ಅವನ ಸ್ವಭಾವದ್ದೇ ಬಿರುಕು. ಭಸ್ಮಾಸುರನಿಗೆ ಶತ್ರುವೂ ಬೇಕಾಗಲಿಲ್ಲ; ಕುಣಿಯುತ್ತ ಕುಣಿಯುತ್ತ ತನ್ನ ಕೈಯನ್ನು ತನ್ನ ತಲೆಯ ಮೇಲೆ ತಾನೇ ಇಟ್ಟುಕೊಂಡ.

ಸ್ಕೈರಿಮ್‌ನಲ್ಲೂ ಅಂಥ ಪರಿಪೂರ್ಣ ವರವೊಂದಿದೆ. ವಸ್ತುಗಳಿಗೆ ಮಂತ್ರ ತುಂಬುವ ವಿದ್ಯೆಯನ್ನು ತುದಿಯವರೆಗೆ ಕಲಿತರೆ, ವಿನಾಶಮಂತ್ರದ ಖರ್ಚನ್ನು ತಲಾ ಶೇ. 25ರಷ್ಟು ಇಳಿಸುವ ನಾಲ್ಕು ತೊಡುಗೆ ಮಾಡಿಕೊಳ್ಳಬಹುದು. ನಾಲ್ಕನ್ನೂ ತೊಟ್ಟರೆ ಖರ್ಚು ಸೊನ್ನೆ. ಬೆಂಕಿ, ಹಿಮ, ಸಿಡಿಲು ಎಷ್ಟು ಹೊತ್ತು ಬೇಕಾದರೂ ಸುರಿಸಬಹುದು. ಆಮೇಲೆ ಮ್ಯಾಜಿಕಾ ಎಷ್ಟಿದೆ ಎಂದು ನೋಡುವ ಅಗತ್ಯವಿಲ್ಲ, ಯಾವ ಮಂತ್ರ ಎಂದು ಆರಿಸುವ ಅಗತ್ಯವಿಲ್ಲ, ಹಿಂದೆ ಸರಿಯುವ ಅಗತ್ಯವೂ ಇಲ್ಲ. ಮಿತಿ ಹೋದ ಗಳಿಗೆಗೆ ಆಟದ ರುಚಿಯೂ ಹೋಗುತ್ತದೆ.

ಇನ್ನೂ ಗಂಭೀರವಾದ ಪ್ರಶ್ನೆ ಬೇರೆಯಿದೆ. ಆ ತೊಡುಗೆಗಳಿಗೆ ಮಂತ್ರ ತುಂಬಲು ‘ಸೋಲ್ ಜೆಮ್’ ಎಂಬ ಹರಳು ಬೇಕು; ಹರಳಿನಲ್ಲಿ ಕೊಂದ ಜೀವಿಯ ಆತ್ಮ ಸೆರೆಯಾಗಿರಬೇಕು. ಮ್ಯಾಮತ್ ಆನೆಯ ಆತ್ಮವಾದರೆ ದೊಡ್ಡ ಹರಳು ತುಂಬುತ್ತದೆ. ಕಪ್ಪು ಹರಳಾದರೆ ಮನುಷ್ಯನ ಆತ್ಮವನ್ನೇ ಹಿಡಿಯಬಹುದು. ಬಿಲ್ಡಿನ ಲೆಕ್ಕದಲ್ಲಿ ಎರಡರ ಫಲವೂ ಒಂದೇ. 2012ರಲ್ಲಿ ಬಂದ ‘ಡಾನ್‌ಗಾರ್ಡ್’ ಎಂಬ ಮುಂದುವರಿದ ಭಾಗ ಈ ಲೆಕ್ಕದ ಮುಚ್ಚಳ ತೆಗೆಯಿತು. ಹರಳಿನಲ್ಲಿ ಬಳಕೆಯಾದ ಆತ್ಮಗಳು ಬಿಡುಗಡೆಯಿಲ್ಲದೆ ಅಲೆಯುವ ‘ಸೋಲ್ ಕೇರ್ನ್’ ಎಂಬ ಲೋಕಕ್ಕೆ ಆಟಗಾರ ತಾನೇ ಕಾಲಿಡಬೇಕು. ಗಳಿಸಿದ ಶಕ್ತಿಗೆ ಬೆಲೆ ತೆತ್ತವರು ಯಾರು ಎಂಬುದನ್ನು ಅಲ್ಲಿ ಕಣ್ಣಾರೆ ನೋಡುತ್ತಾನೆ. ಈ ಆಟದಲ್ಲಿ ಧರ್ಮದ ಪ್ರಶ್ನೆ ಇಷ್ಟು ನೇರವಾಗಿ ಎದುರಾಗುವ ಜಾಗ ಅದು.

ಕನ್ನಡದಲ್ಲಿ ಈ ಚರ್ಚೆಯ ತುತ್ತತುದಿ ಅಲ್ಲಮಪ್ರಭು ಮತ್ತು ಗೋರಕ್ಷರ ಭೇಟಿ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲೂ ಶೂನ್ಯಸಂಪಾದನೆಯಲ್ಲೂ ಅದು ಬರುತ್ತದೆ. ಗೋರಕ್ಷ ದೇಹವನ್ನು ವಜ್ರದಂತೆ ಗಟ್ಟಿ ಮಾಡಿಕೊಂಡ ಸಿದ್ಧ. ಅವನ ಮೈಗೆ ಖಡ್ಗದಿಂದ ಹೊಡೆದರೆ ಖಣಿಲೆಂದು ಸದ್ದಾಯಿತು, ಒಂದು ಕೂದಲೂ ಕೊಂಕಲಿಲ್ಲ. ಅದೇ ಖಡ್ಗ ಅಲ್ಲಮನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಒಬ್ಬ ಪೆಟ್ಟನ್ನು ತಡೆದ. ಇನ್ನೊಬ್ಬನಲ್ಲಿ ಪೆಟ್ಟು ತಿನ್ನುವುದಕ್ಕೆ ‘ನಾನು’ ಎಂಬುದೇ ಉಳಿದಿರಲಿಲ್ಲ. ಗೋರಕ್ಷ ತನ್ನ ಸಾಧನೆಯ ಮಿತಿಯನ್ನು ಕಂಡು ಅಲ್ಲಮನಿಗೆ ಶರಣಾದ. ಅವನ ವರ್ಷಗಳ ಸಾಧನೆ ವ್ಯರ್ಥವಾಗಲಿಲ್ಲ. ಆ ಗಟ್ಟಿತನ ಇಲ್ಲದಿದ್ದರೆ ಬಯಲೆಂದರೇನೆಂದು ಅವನಿಗೆ ತಿಳಿಯುತ್ತಲೂ ಇರಲಿಲ್ಲ.

ಆದ್ದರಿಂದ ಮಾಂತ್ರಿಕನನ್ನು ಕಟ್ಟುವ ಮಕ್ಕಳನ್ನು ಗದರಿಸುವುದು ಸರಿಯಲ್ಲ. ಯೋಚಿಸಿ ಆರಿಸುವುದು, ಕಾಯುವುದು, ಒಂದನ್ನು ಬಿಟ್ಟು ಇನ್ನೊಂದನ್ನು ಗಳಿಸುವುದು ಒಳ್ಳೆಯ ಅಭ್ಯಾಸಗಳೇ. ಅವರ ಪಕ್ಕದಲ್ಲಿ ಕೂತು ಕೇಳಬೇಕಾದ ಪ್ರಶ್ನೆಗಳು ಮೂರು: ಈ ಶಕ್ತಿ ಯಾತಕ್ಕೆ, ಇದರ ಬೆಲೆ ಕೊಟ್ಟವರು ಯಾರು, ನಿನ್ನ ವರದಲ್ಲಿ ನೀನು ಯಾರನ್ನು ತಾತ್ಸಾರದಿಂದ ಬಿಟ್ಟಿದ್ದೀಯೆ? ಬೆಂಗಳೂರಿನಲ್ಲಿ ಕೂತು ಆಟಗಳನ್ನು ತಯಾರಿಸುವ ಕನ್ನಡದ ಯುವಕ ಯುವತಿಯರಲ್ಲೂ ಒಂದು ಕೋರಿಕೆ. ಆಟಗಾರ ತನ್ನ ವರವನ್ನು ತನ್ನದೇ ಮಾತಿನಲ್ಲಿ ಕೇಳಿಕೊಳ್ಳುವ, ಆ ಮಾತಿನ ಬಿರುಕೇ ಕೊನೆಗೆ ಅವನೆದುರು ಬಂದು ನಿಲ್ಲುವ ಒಂದು ಆಟವನ್ನು ಕಟ್ಟಿರಿ. ಅದಕ್ಕೆ ಬೇಕಾದ ಕಥೆಗಳೆಲ್ಲ ಬೇಲೂರು, ಹಳೇಬೀಡಿನ ಕಲ್ಲಿನಲ್ಲಿ ಸಿದ್ಧವಾಗಿವೆ.